ಎತ್ತಿ ಮುಚ್ಚುವ ಬಾಗಿಲು

ಹಳೆಯ ವಾಹನಗಳನ್ನು ಬಿಚ್ಚುವ ಗುಜರಿ ಯಾರ್ಡಿನ ಕಚೇರಿಯಲ್ಲಿ ಸ್ಕೂಟರಿನವನೊಬ್ಬ ತನ್ನ ಸರದಿಗೆ ಕಾಯುತ್ತಿದ್ದ. ಅವನ ಮುಂದೆ, ಕಾರು ಒಪ್ಪಿಸಲು ಬಂದ ವಯಸ್ಸಾದ ಗಂಡ ಹೆಂಡತಿ. ಗಂಡನ ಮುಷ್ಟಿಯಲ್ಲಿ ಕೀಲಿಕೈ ಇನ್ನೂ ಭದ್ರವಾಗಿತ್ತು.

“ಗಟ್ಟಿ ಇರೋ ಭಾಗ ಬೇರೆ ಕಾರಿಗೆ ಹೋಗುತ್ತೆ ಸರ್. ಉಳಿದಿದ್ದು ಕುಲುಮೆಗೆ,” ಎಂದ ಮೇಸ್ತ್ರಿ.

“ಎಡಗಡೆ ಬಾಗಿಲು ಅಪ್ಪಟ ಬಂಗಾರ ಕಣಯ್ಯ,” ಎಂದರು ಗಂಡ.

“ಬಂಗಾರವಂತೆ! ಇಪ್ಪತ್ತೆರಡು ವರ್ಷ ಅದನ್ನ ಎತ್ತಿ ಎತ್ತಿ ಮುಚ್ಚಿ ನನ್ನ ರಟ್ಟೆ ಬಿದ್ದುಹೋಯ್ತು.”

“ಸುಮ್ನಿರೇ. ಮನೆ ಗುಟ್ಟನ್ನ ಹೀಗೆ ಬೀದಿಗೆ ಹಾಕ್ತಾರೇನೇ?”

“ಹಾಗಾದ್ರೆ ಬಾಗಿಲೂ ಕುಲುಮೆಗೇ ಅಂತ ಬರ್ಕೊಳ್ಲಾ?” ಮೇಸ್ತ್ರಿ ಪೆನ್ನು ಎತ್ತಿದ.

ಗಂಡನಿಗಿಂತ ಮೊದಲು ಹೆಂಡತಿಯೇ ಬಾಯಿ ಹಾಕಿದರು.

“ಅಯ್ಯೋ, ಬೇಡಪ್ಪ! ಚೂರು ಎತ್ತಿ ಮುಚ್ಚಿದ್ರೆ ಹೇಳಿದ ಮಾತು ಕೇಳುತ್ತೆ. ತಗೊಳ್ಳೋರಿಗೆ ಅಷ್ಟು ಹೇಳಿಬಿಡು.”

“ಅವರು ಮರೆತ್ರೆ?”

“ಬಾಗಿಲೇ ನೆನಪಿಸುತ್ತೆ.”

ಮೇಸ್ತ್ರಿ ನಕ್ಕು, ‘ಎಡ ಬಾಗಿಲು ಮಾರಾಟಕ್ಕೆ, ಎತ್ತಿ ಮುಚ್ಚಬೇಕು’ ಎಂದು ಪಟ್ಟಿಯಲ್ಲಿ ಬರೆದ. ಆಮೇಲೆಯೇ ಕೀಲಿಕೈ ಮೇಜಿನ ಮೇಲೆ ಬಂದದ್ದು.

ಇಬ್ಬರೂ ಹೊರಟರು. ಕಚೇರಿಯ ಬಾಗಿಲಿಗೆ ಯಾವ ಐಬೂ ಇರಲಿಲ್ಲ. ಆದರೂ ಹೆಂಡತಿ ಅದನ್ನು ಚೂರು ಎತ್ತಿ, ಮೆಲ್ಲಗೆ ಎಳೆದು ಮುಚ್ಚಿಕೊಂಡು ಹೋದರು.