ಹದಿನಾಲ್ಕನೇ ನಂಬರಿನ ಹಾಜರಿ

ಸ್ವಲ್ಪ ಮೆಲ್ಲಗೆ ಮಾತಾಡುವ. ಇದು ನಮ್ಮ ಮೇಲಿನ ಮಹಡಿಯ ಧರ್ಮಪಾಲಣ್ಣನಿಗೆ ಆದದ್ದು. ಅವರು ಈಗ ಮನೆಯಲ್ಲೇ ಇದ್ದಾರೆ. ಕೇಳಿಸಿದರೆ ಪಾಪ, ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ.

ಹೋದ ಡಿಸೆಂಬರ್, ಒಂದು ಶನಿವಾರ. ರಾತ್ರಿ ಹತ್ತೂಕಾಲು ಆಗಿತ್ತು. ಡೊಂಬಿವಲಿ ಪೂರ್ವದ ಹಳೆ ಕನ್ನಡ ಶಾಲೆಯ ಗೇಟು ದಾಟಿ ಧರ್ಮಪಾಲಣ್ಣ ಒಬ್ಬರೇ ಮನೆಗೆ ಹೊರಟಿದ್ದರು. ಹೆಗಲ ಮೇಲೆ ಸನ್ಮಾನದ ಶಾಲು, ಕಂಕುಳಲ್ಲಿ ಸ್ಮರಣಿಕೆ. ಹತ್ತು ನಿಮಿಷದ ದಾರಿ. ನಡುವೆ ಶಾಲೆಯ ಹಳೆ ಬಾವಿ ಬರುತ್ತದೆ. ಈಗ ಅದರ ನೀರು ಯಾರಿಗೂ ಬೇಡ, ಮೇಲೆ ಕಬ್ಬಿಣದ ಜಾಲಿ ಹಾಕಿ ಮುಚ್ಚಿದ್ದಾರೆ. ರಾಟೆ ಕಿತ್ತು ಇಪ್ಪತ್ತು ವರ್ಷವಾಯಿತು.

ಆದರೂ ಅವತ್ತು ಧರ್ಮಪಾಲಣ್ಣನಿಗೆ ರಾಟೆ ತಿರುಗಿದ ಸದ್ದು ಕೇಳಿಸಿತು. ಕಿರ್ರ್… ಕಿರ್ರ್… ಕಿರ್ರ್…

ಸದ್ದಿಗೆ ಹೆದರುವ ಮನುಷ್ಯ ಅವರಲ್ಲ. ಆದರೆ ಅವತ್ತು ಅವರು ಸಭೆಯಿಂದಲೇ ಹೆದರಿ ಹೊರಟಿದ್ದರು. ಯಾಕೆಂದು ಹೇಳುತ್ತೇನೆ.

ಆ ಶಾಲೆ ಒಂದು ಕಾಲದಲ್ಲಿ ರಾತ್ರಿ ಪ್ರೌಢಶಾಲೆ. ಆಗ ಡೊಂಬಿವಲಿ ಸಣ್ಣ ಊರು. ಹಗಲಿಡೀ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಏಳಕ್ಕೆ ಅಲ್ಲಿ ಹತ್ತನೇ ಇಯತ್ತೆ ಓದುತ್ತಿದ್ದರು. ಊರಿನಿಂದ ಬರಿಗೈಲಿ ಬಂದು ಹಾಗೆ ಓದಿ, ಈಗ ವಾಶಿ, ನೆರೂಳ, ರಬಾಳೆಯಲ್ಲಿ ಮೂರು ಹೋಟೆಲು ಮಾಡಿದವರು ನಮ್ಮ ಧರ್ಮಪಾಲಣ್ಣ. ಅದಕ್ಕೇ ‘ಸಾಧಕ ಹಳೆ ವಿದ್ಯಾರ್ಥಿ’ ಅಂತ ಸನ್ಮಾನ. ನಮ್ಮವರ ಸನ್ಮಾನ ಗೊತ್ತಲ್ಲ? ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಭಾಷಣ ಮುಗಿಯುವಷ್ಟರಲ್ಲಿ ಬುಟ್ಟಿಯ ಬಾಳೆಹಣ್ಣು ಕಪ್ಪಾಗಿರುತ್ತದೆ.

ಈ ಸಲ ಸಂಘದ ಕಾರ್ಯದರ್ಶಿ ರಾಜಶೇಖರ ಒಂದು ಹೊಸ ಉಪಾಯ ಮಾಡಿದ್ದರು. ವಿಜಾಪುರದ ಕಡೆಯ ಮನುಷ್ಯ, ಉತ್ಸಾಹ ಜಾಸ್ತಿ. ಹಳೆಯ ಹಾಜರಿ ಪುಸ್ತಕ ಹುಡುಕಿ ತೆಗೆಸಿದ್ದರು. ಸಾಧಕರೆಲ್ಲ ಹಳೆ ಬೆಂಚಿನಲ್ಲಿ ಕೂರಬೇಕು, ಎಂಬತ್ತನಾಲ್ಕು ವರ್ಷದ ಸರ್ವೋತ್ತಮ ಮಾಸ್ತರರು ಹೆಸರು ಕರೆಯಬೇಕು, ಇವರು ಹುಡುಗರ ಹಾಗೆ ಎದ್ದು ‘ಹಾಜರ್ ಸರ್’ ಅನ್ನಬೇಕು. ಜನ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ಮಾಸ್ತರರಿಗೆ ಕಣ್ಣು ಮಂಜು. ಬೆರಳಿಟ್ಟುಕೊಂಡು ಓದುತ್ತಾ ಓದುತ್ತಾ ಸನ್ಮಾನಕ್ಕೆ ಬಂದವರ ಹೆಸರು ಮಾತ್ರವಲ್ಲ, ಪುಟದಲ್ಲಿದ್ದ ಎಲ್ಲವನ್ನೂ ಕರೆದರು.

“ಹದಿಮೂರು, ಧರ್ಮಪಾಲ.”

“ಹಾಜರ್ ಸರ್.”

“ಹದಿನಾಲ್ಕು, ಬಾಳಪ್ಪ.”

ಬಾಳಪ್ಪ ಸತ್ತು ಮೂವತ್ತಾರು ವರ್ಷ ಆಗಿತ್ತು, ಹಳಬರಿಗೆಲ್ಲ ಗೊತ್ತು. ರಾಜಶೇಖರ ಮಾಸ್ತರರ ಕಿವಿಯಲ್ಲಿ ಹೇಳಲು ಬಗ್ಗಿದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಸ್ವರ.

“ಹಾಜರ್ ಸರ್.”

ಯಾರೋ ತಮಾಷೆ ಮಾಡಿದರು ಅಂತ ನಾಲ್ಕು ಜನ ನಕ್ಕರು. ಧರ್ಮಪಾಲಣ್ಣ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಅದು ಬಾಳಪ್ಪನ ಸ್ವರವಲ್ಲ… ಅವರದೇ ಸ್ವರ. ಹದಿನೇಳನೇ ವಯಸ್ಸಿನಲ್ಲಿ ಇದ್ದದ್ದು.

ರಾತ್ರಿಶಾಲೆಯ ಹುಡುಗರಲ್ಲಿ ಒಂದು ರೂಢಿ ಇತ್ತು. ಹೋಟೆಲಿನಲ್ಲಿ ಗಿರಾಕಿ ಜಾಸ್ತಿಯಾದರೆ ಮಾಲಕ ಬಿಡುವುದಿಲ್ಲ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗಾಗಿ ಬಾರದವನ ಹಾಜರಿಯನ್ನು ಪಕ್ಕದವನು ಸ್ವರ ಬದಲಿಸಿ ಹೇಳುವುದು. ಕರೆಂಟು ಬಾರದ ದಿನ ಕಂದೀಲಿನ ಬೆಳಕು, ಐವತ್ತು ಹುಡುಗರು, ಮಾಸ್ತರರು ತಲೆ ಎತ್ತುತ್ತಿರಲಿಲ್ಲ. ಅದು ಮೋಸ ಅಂತ ಯಾರಿಗೂ ಅನಿಸುತ್ತಿರಲಿಲ್ಲ, ಹಸಿದವನಿಗೆ ಒಂದು ತುತ್ತು ಹಂಚಿದ ಲೆಕ್ಕ.

ಧರ್ಮಪಾಲ, ಬಾಳಪ್ಪ ಇಬ್ಬರೂ ಒಂದೇ ಹೋಟೆಲು, ಒಂದೇ ಚಾಪೆ. ಒಂದು ಸಂಜೆ ನಳದಲ್ಲಿ ನೀರಿಲ್ಲ. ಮಾಲಕ ಬಾಳಪ್ಪನನ್ನು ಶಾಲೆಯ ಬಾವಿಗೆ ಓಡಿಸಿದ. ಬಾಳಪ್ಪ ಕೊಡ ಎತ್ತಿಕೊಳ್ಳುತ್ತಾ ಹೇಳಿದ್ದು ಇಷ್ಟೇ, “ಧರ್ಮ್ಯಾ, ತಡಾ ಆಗತೈತಿ. ನನ್ನ ಹಾಜರಿ ಹೇಳಿಬಿಡೋ.”

ಇವರು ಹೇಳಿದರು.

ಒಂಬತ್ತಕ್ಕೆ ಹೋಟೆಲಿನಿಂದ ಒಬ್ಬ ಹುಡುಕಿಕೊಂಡು ಬಂದ. ನೀರಿಗೆ ಹೋದವನು ಬಂದಿಲ್ಲ, ಶಾಲೆಗೆ ಬಂದಿದ್ದನಾ? ಮಾಸ್ತರರು ಪುಸ್ತಕ ತೆರೆದು ನೋಡಿದರು. ಹಾಜರಿ ಇದೆ. “ಬಂದಿದ್ದ. ಈಗಷ್ಟೇ ಹೋಗಿರಬೇಕು. ಅಲ್ಲವೇನೋ ಧರ್ಮಪಾಲ?”

ಬೇರೆಯವರ ಹಾಜರಿ ಹೇಳಿ ಸಿಕ್ಕಿಬಿದ್ದರೆ ಪರೀಕ್ಷೆಯ ಫಾರಂ ಹರಿಯುತ್ತೇನೆಂದು ಮಾಸ್ತರರು ಅದೇ ವಾರ ಗದರಿದ್ದರು. ಧರ್ಮಪಾಲ ಹೇಳಿದ್ದು ಎರಡೇ ಮಾತು. “ಹೌದು ಸರ್.”

ಸಿನಿಮಾಗೆ ಹೋಗಿರಬೇಕು ಅಂತ ಬೈದುಕೊಂಡು ಆ ಮನುಷ್ಯ ಹೋದ. ಬೆಳಿಗ್ಗೆ ಬಾವಿಯಲ್ಲಿ ಬಾಳಪ್ಪ ಸಿಕ್ಕ. ರಾತ್ರಿಯೆಲ್ಲ ಜೀವ ಇತ್ತಂತೆ. ಕಲ್ಲಿನ ಸಂದಿ ಹಿಡಿದು ಹಿಡಿದು ಹತ್ತು ಬೆರಳಲ್ಲಿ ಒಂದರಲ್ಲೂ ಉಗುರು ಉಳಿದಿರಲಿಲ್ಲ. ಇದನ್ನು ಕಂಡವರಲ್ಲಿ ಧರ್ಮಪಾಲರೂ ಒಬ್ಬರು. ಹೆಂಡತಿಗೂ ಹೇಳಿರಲಿಲ್ಲ.

ಈಗ ಅದೇ ಬಾವಿಯ ಪಕ್ಕ ನಿಂತಿದ್ದರು. ಕಿರ್ರ್… ನಿಂತಿತು. ಆಮೇಲೆ ಒಳಗಿನಿಂದ, ಬಹಳ ಕೆಳಗಿನಿಂದ…

“ಹಾಜರ್ ಸರ್.”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವರು ಕಟ್ಟೆಗೆ ಮೊಣಕಾಲೂರಿ, ಜಾಲಿಯ ಮೇಲೆ ಎರಡೂ ಕೈ ಊರಿ ಬಗ್ಗಿದರು. ತುಕ್ಕು ತಿಂದ ಜಾಲಿ ಕಟ್ ಅಂದಿತು. ಅಷ್ಟೇ.

ನೀರು ಎದೆಮಟ್ಟ, ಕೆಳಗೆ ಕೆಸರು. ಬಲಗಾಲು ಕೆಸರಿನಲ್ಲಿ ಯಾವುದೋ ಕಲ್ಲಿನ ನಡುವೆ ಸಿಕ್ಕಿಕೊಂಡಿತ್ತು, ಅಲುಗಿಸಿದರೆ ಜೀವ ಹೋಗುವ ನೋವು. ಮೇಲೆ ನೋಡಿದರೆ ಒಂದು ತಟ್ಟೆಯಷ್ಟು ಆಕಾಶ. ಕೂಗಿದರು. ಕೂಗಿದ್ದೆಲ್ಲ ಗೋಡೆಗೆ ಬಡಿದು ಅವರ ಕಿವಿಗೇ ಬಂತು. ಪಕ್ಕದ ಹಾಲಿನಲ್ಲಿ ಮದುವೆಯ ಡೀಜೆ, ಧಡ್ ಧಡ್ ಧಡ್. ಅದರ ಆಚೆ ಕಲ್ಯಾಣದ ಕಡೆಗೆ ಲೋಕಲ್ ರೈಲು ಹೋಯಿತು.

ಪುಣ್ಯಕ್ಕೆ ಅಂಗಿಯ ಜೇಬಿನ ಫೋನು ಒದ್ದೆಯಾದರೂ ಕೆಟ್ಟಿರಲಿಲ್ಲ. ಮನೆಗೆ ಮಾಡಿದರು. ಹೆಂಡತಿ ಸುಂದರಕ್ಕ ಎತ್ತಿದರು.

“ಸುಂದರಿ, ನಾನು ಶಾಲೆಯ ಬಾವಿಗೆ ಬಿದ್ದಿದ್ದೇನೆ. ಬೇಗ ಯಾರನ್ನಾದರೂ ಕಳಿಸು.”

ಆಚೆ ಕಡೆಯಿಂದ, “ಯಾರು ನೀವು?”

“ಯಾರು ಅಂದ್ರೆ ಎಂತ ಮಾರಾಯ್ತಿ? ನಾನು.”

“ನಮ್ಮವರು ಮನೆಗೆ ಬಂದು ಕಾಲು ಗಂಟೆ ಆಯ್ತು. ಫೋನು ಅಲ್ಲೇ ಬಿಟ್ಟು ಬಂದಿರಬೇಕು. ನೀವು ಅದನ್ನು ಎತ್ತಿಕೊಂಡು ಆಟ ಆಡ್ತಿದ್ದೀರಾ? ಸ್ವರ ನಕಲು ಮಾಡಿ ಟೋಪಿ ಹಾಕುವವರು ಇದ್ದಾರೆ ಅಂತ ಸೊಸೈಟಿ ಗ್ರೂಪಿನಲ್ಲಿ ನಿನ್ನೆಯೇ ಬಂದಿತ್ತು.”

“ಸುಂದರಿ… ಮನೆಯಲ್ಲಿ ಯಾರಿದ್ದಾರೆ?”

ಆಕೆ ಫೋನು ಕೆಳಗಿಳಿಸಿ ಒಳಗೆ ಕೇಳಿದ್ದು ಇವರಿಗೆ ಕೇಳಿಸಿತು. “ಏನ್ರೀ, ಇದ್ದೀರಲ್ಲ ಅಡುಗೆಮನೆಯಲ್ಲಿ?”

ನಳದ ನೀರು ಸುರಿಯುವ ಸದ್ದು. ಬಸಿಯ ಮೇಲೆ ಕಪ್ಪು ಇಟ್ಟ ಸದ್ದು, ಟಣ್. ಆಮೇಲೆ ಆ ಹದಿನೇಳರ ಸ್ವರ.

“ಹಾಜರ್.”

ಸುಂದರಕ್ಕ ನಕ್ಕರು. “ಇನ್ನೂ ಶಾಲೆಯ ಗುಂಗು ಬಿಟ್ಟಿಲ್ಲ ಇವರಿಗೆ.” ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ. ಆಕೆ ನಂಬರು ಬ್ಲಾಕ್ ಮಾಡಿದ್ದರು.

ರಾಜಶೇಖರರಿಗೆ ಮಾಡಿದರು. ಅವರು ಗಾಬರಿಯಾಗಿ, “ತಡೀರಿ, ಒಂದ್ ನಿಮಿಷ” ಅಂದರು. ಇನ್ನೊಂದು ಫೋನಿನಲ್ಲಿ ಸುಂದರಕ್ಕನಿಗೆ ಕೇಳಿದರು. ವಾಪಸು ಬಂದಾಗ ಸ್ವರ ಬದಲಾಗಿತ್ತು. “ಧರ್ಮಪಾಲಣ್ಣ ಮನ್ಯಾಗ ಅದಾರಂತ. ಯಾರ್ರೀ ನೀವು? ಹೊತ್ತಲ್ಲದ ಹೊತ್ತಿನ್ಯಾಗ ಇದೇನ್ ಹಲ್ಕಟ್ ಕೆಲಸಾ?”

ಪೊಲೀಸರಿಗೆ ಮಾಡೋಣವೆಂದರೆ ಚಳಿಗೆ ಬೆರಳು ಸೆಟೆದಿತ್ತು. ಫೋನು ಜಾರಿತು. ಗುಳುಂ… ನೀರೊಳಗೆ ಒಂದು ಗಳಿಗೆ ಬೆಳಕು ಕಂಡು ಆರಿಹೋಯಿತು.

ಮೂರು ಹೋಟೆಲಿನ ಮಾಲಕ, ಎಪ್ಪತ್ತು ಜನರಿಗೆ ಅನ್ನ ಕೊಡುವ ಮನುಷ್ಯ. ಇಡೀ ಡೊಂಬಿವಲಿಯಲ್ಲಿ ಅವರನ್ನು ಹುಡುಕುವವರು ಒಬ್ಬರೂ ಇರಲಿಲ್ಲ.

ಡೀಜೆ ನಿಂತಿತು. ಕೊನೆಯ ಲೋಕಲೂ ಹೋಯಿತು. ಆಮೇಲೆ ಉಳಿದದ್ದು ಕಲ್ಲಿನಿಂದ ಹನಿ ಬೀಳುವ ಸದ್ದೊಂದೇ. ತೊಟ್… ತೊಟ್… ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಿ ಹಿಡಿದುಕೊಂಡಿದ್ದರು. ಎಷ್ಟು ಹೊತ್ತೋ. ಪಕ್ಕದಲ್ಲೇ ಯಾರೋ ಉಸಿರು ಬಿಟ್ಟರು.

“ಧರ್ಮ್ಯಾ… ನೀರು ಭಾಳ ಥಂಡಿ ಅದ, ಅಲ್ಲಾ?”

ಇವರು ಕಷ್ಟಪಟ್ಟು ಅಂದರು, “ಬಾಳಪ್ಪಾ… ನನ್ನ ಬಿಟ್ಟುಬಿಡು ಮಾರಾಯ.”

“ನಾ ಎಲ್ಲಿ ಹಿಡದೀನೋ? ಎರಡೂ ಕೈಲೆ ಕಲ್ಲ ಹಿಡದೀನಿ.”

“ನಾನು ಬದುಕಿದ್ದೇನೆ ಅಂತ ಅವರಿಗೆ ಹೇಳು. ಯಾರಾದರೂ ಬರ್ತಾರೆ.”

“ಯಾರೂ ಬರಂಗಿಲ್ಲ.” ಸ್ವರದಲ್ಲಿ ಸಿಟ್ಟಿರಲಿಲ್ಲವಂತೆ. ದಣಿದವರು ಹೇಳಿದ ಹಾಗಿತ್ತಂತೆ. “ನಿಂದು ಹಾಜರಿ ಬಿದ್ದದ. ಹಾಜರಿ ಇದ್ದಾವನ್ನ ಯಾರ್ ಹುಡುಕ್ತಾರ?”

ತೊಟ್… ತೊಟ್…

ಧರ್ಮಪಾಲಣ್ಣ ಆಗ ಅತ್ತರು. ಮೂವತ್ತಾರು ವರ್ಷ ಅಳದೆ ಇಟ್ಟುಕೊಂಡದ್ದೆಲ್ಲ ಬಂತು. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ? ಇನ್ನು ಸಿಕ್ಕಿದ ಕಾಲು ಹೊರಬರಲಿ ಬಿಡಲಿ, ಯಾರು ಕೇಳಲಿ ಬಿಡಲಿ ಅಂತ, ಶಾಲೆಯ ದಿಕ್ಕಿಗೆ ಮುಖ ಎತ್ತಿ, ಬೆಂಚಿನಿಂದ ಎದ್ದು ನಿಂತವರ ಹಾಗೆ ಕೂಗಿದರು.

“ಸರ್… ಹದಿನಾಲ್ಕನೇ ನಂಬರು ಗೈರುಹಾಜರಿ ಸರ್. ಬಾಳಪ್ಪ ಅವತ್ತು ಬರಲಿಲ್ಲ. ಹಾಜರಿ ಹೇಳಿದ್ದು ನಾನು. ಕೇಳಿದಾಗ ಹೌದು ಅಂದದ್ದೂ ನಾನು. ನನ್ನ ಪರೀಕ್ಷೆಗೋಸ್ಕರ.”

ಗಂಟಲು ಹರಿಯುವವರೆಗೆ ಇದನ್ನೇ ಕೂಗಿದರು. ಪಕ್ಕದ ಉಸಿರು ಯಾವಾಗಲೋ ನಿಂತಿತ್ತು. ಎಷ್ಟನೆಯ ಸಲವೋ ಗೊತ್ತಿಲ್ಲ, ಮೇಲೆ ಟಾರ್ಚಿನ ಬೆಳಕು ಬಿತ್ತು. ಸುಂದರಕ್ಕನ ಮುಖ. ಪಕ್ಕದಲ್ಲಿ ನಮ್ಮ ಬಿಲ್ಡಿಂಗಿನ ವಾಚ್‌ಮನ್. ಬೆಳಗಿನ ನಾಲ್ಕು ಗಂಟೆ.

ಅಗ್ನಿಶಾಮಕದವರು ಬಂದು ಎತ್ತಿದರು. ಆರು ವಾರ ಕಾಲಿಗೆ ಪ್ಲಾಸ್ಟರು. ಸನ್ಮಾನದ ಶಾಲು, ಸ್ಮರಣಿಕೆ ಎರಡೂ ಬಾವಿಯಲ್ಲೇ ಉಳಿದವು. ತೆಗೆಸಬೇಡಿ ಅಂದರು. ಆಸ್ಪತ್ರೆಯಿಂದ ಬಂದ ಮರುದಿನವೇ ಸರ್ವೋತ್ತಮ ಮಾಸ್ತರರನ್ನು ಪುಸ್ತಕದ ಸಮೇತ ಕರೆಸಿಕೊಂಡು ಎಲ್ಲ ಹೇಳಿದರು. ಮಾಸ್ತರರು ಕನ್ನಡಕ ಒರೆಸಿಕೊಂಡು ಕೆಂಪು ಪೆನ್ನು ಕೇಳಿದರು. ಆ ತಾರೀಕಿನ ಹದಿನಾಲ್ಕರ ಎದುರು ತಿದ್ದಿದರು. ಕಣ್ಣು ಮಂಜಲ್ಲವಾ, ಸಾಲು ತೋರಿಸಲು ನಾನೇ ಸಹಾಯ ಮಾಡಿದೆ.

ಸುಂದರಕ್ಕ ನನ್ನ ಹೆಂಡತಿಗೆ ಹೇಳಿದ್ದು ಬೇರೆ. ಅವತ್ತು ರಾತ್ರಿ ಮನೆಗೆ ಬಂದವರು ನೇರ ಅಡುಗೆಮನೆಗೆ ಹೋದರಂತೆ. ಮುಖ ಈ ಕಡೆ ತಿರುಗಿಸಲೇ ಇಲ್ಲ. ಒಂದು ಗಂಟೆಯವರೆಗೆ ಪಾತ್ರೆ ತೊಳೆದರು. ಈಕೆಗೆ ನಗು. ಮದುವೆಯಾದ ಮೇಲೆ ಒಂದು ಲೋಟ ತೊಳೆದವರಲ್ಲ ಇವರು. ದೀಪ ಆರಿಸಿ ಬಂದು ಪಕ್ಕದಲ್ಲಿ ಮಲಗಿದರು. ಮೈ ತಣ್ಣಗಿತ್ತು. ಚಳಿ ಅಂತ ಈಕೆ ಚಾದರ ಎಳೆದು ಹೊದಿಸುವಾಗ ಅವರ ಕೈ ತಾಗಿತು. ಬೆರಳ ತುದಿಗಳು ಮೆತ್ತಗಿದ್ದವು, ಉಗುರೇ ಇಲ್ಲದ ಹಾಗೆ. ನಿದ್ದೆಗಣ್ಣು, ಈಕೆ ಲಕ್ಷ್ಯ ಕೊಡಲಿಲ್ಲ. ನಾಲ್ಕಕ್ಕೆ ಸ್ವಲ್ಪ ಮೊದಲು ಎಚ್ಚರವಾದಾಗ ಹಾಸಿಗೆ ಖಾಲಿ, ದಿಂಬು ತೊಯ್ದು ತೊಪ್ಪೆ, ಬಾಗಿಲಿನ ಚಿಲಕ ಒಳಗಿನಿಂದ ಹಾಕಿದ ಹಾಗೇ ಇತ್ತು. ಫೋನಿನಲ್ಲಿ ‘ಶಾಲೆಯ ಬಾವಿ’ ಅಂದದ್ದು ಆಗ ನೆನಪಾಯಿತಂತೆ. ಬರಿಗಾಲಲ್ಲಿ ಓಡಿದರು.

ಉಗುರಿನ ಸಂಗತಿ ಆಕೆಗೆ ಯಾರೂ ಹೇಳಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕೆಳಗಿನ ಮನೆಯವನು. ಅವತ್ತು ಒಂದು ಗಂಟೆಯವರೆಗೆ ನಮ್ಮ ತಲೆಯ ಮೇಲೆ ನಳದ ಸದ್ದು, ಕಪ್ಪುಗಳ ಟಣ್ ಟಣ್, ನಾನೇ ಕೇಳಿದ್ದೇನೆ. ಇಷ್ಟು ಹೊತ್ತಿಗೆ ಎಂತ ತೊಳೆಯುವುದು ಇವರು ಅಂತ ಬೈದುಕೊಂಡೇ ಮಲಗಿದ್ದು.

ಈಗ ಧರ್ಮಪಾಲಣ್ಣ ರಾತ್ರಿ ಮನೆಗೆ ಬಂದರೆ ಸುಂದರಕ್ಕ ಬಾಗಿಲನ್ನು ಸರಪಳಿ ಹಾಕಿಯೇ ಸ್ವಲ್ಪ ತೆರೆಯುತ್ತಾರೆ. ಅವರು ಏನೂ ಮಾತಾಡದೆ ಎರಡೂ ಕೈ ಮುಂದೆ ಚಾಚುತ್ತಾರೆ. ಆಕೆ ಹತ್ತೂ ಉಗುರು ನೋಡಿ, ಆಮೇಲೆ ಸರಪಳಿ ತೆಗೆಯುತ್ತಾರೆ. ತಾರಸಿಗೆ ಮೆಟ್ಟಿಲು ಹತ್ತುವಾಗ ಎಷ್ಟೋ ಸಲ ನಾನು ಕಂಡಿದ್ದೇನೆ.