ತೊಳೆದಿಟ್ಟ ಗಿಟಾರು

ಹಳಿಯಾಳದ ಬಸ್ ನಿಲ್ದಾಣದಲ್ಲಿ ಸಾಂಬ್ರಾಣಿ ಬಸ್ಸಿಗೆ ಕಾಯುತ್ತಿದ್ದ ದಾನೇಶ್ವರಿಯ ಬೆನ್ನ ಹಿಂದೆಯೇ ಒಬ್ಬ ತರುಣ, ಒಬ್ಬ ಮುದುಕ ಕುಳಿತಿದ್ದರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಸೋಮಪ್ಪ ಕಾಕಾ, ನೀವು ಹೇಳಿದಷ್ಟು ಕೊಡ್ತೇನ್ರಿ. ನಿಮ್ಮ ಅಜಯನ ಗಿಟಾರ ನನಗ ಕೊಡ್ರಿ.”

“ಬಂಗಾರ ತೂಗಿ ಕೊಟ್ರೂ ಇಲ್ಲಪಾ ದುಂಡೇಶ.”

“ಅಂವಾ ಸತ್ತ ಮ್ಯಾಲ ಅದು ಸುಮ್ನ ಗ್ವಾಡಿಗೆ ತೂಗಾಕತ್ತೇತಿ. ನಮ್ಮ ಆರ್ಕೆಸ್ಟ್ರಾದಾಗ ಅವನ ಹೆಸರು ಹೇಳಿ ಬಾರಿಸ್ತೇನಿ.”

“ಅದು ಬಾರಸೂ ಹಂಗ ಉಳದಿಲ್ಲೋ.”

“ಯಾಕ್ರಿ?”

“ದಸರಾದಾಗ ಖಂಡೇಪೂಜಿಗೆ ನಿಮ್ಮ ಕಾಕು ಕುಡಗೋಲು, ಕೊಡ್ಲಿ ಎಲ್ಲಾ ತೊಳದ್ಲು. ಮಗನ ಆಯುಧ ಇದ ಅಲ್ಲೇನು ಅಂತ ಗಿಟಾರನೂ ಒಂದು ಕೊಡಾ ನೀರು ಸುರುವಿ ತೊಳದು, ವಿಭೂತಿ ಹಚ್ಚಿ ಪೂಜಿಗೆ ಇಟ್ಲು. ಕಟ್ಟಗಿ ಉಬ್ಬಿ, ಅಂಟು ಬಿಟ್ಟೇತಿ.”

“ಕಾಕೂಗ ಗೊತ್ತೈತೇನ್ರಿ?”

“ಇಲ್ಲ. ದಿನಾ ಸೆರಗಿಲೆ ಒರಸ್ತಾಳ. ಮಗಂದು ಉಳದದ್ದು ಅದೊಂದ. ಅದನ್ನೂ ತನ್ನ ಕೈಯಾರ ಕೆಡಿಸೇನಿ ಅಂತ ತಿಳದ್ರ ಆಕಿ ಬದಕೂದಿಲ್ಲ.”

“ನಾಳೆ ಬಂದು ಒಂದ ಹಾಡು ಬಾರಸು ಅಂದಾರ್ರೀ ಕಾಕು.”

“ಅದಕ್ಕ ಹೇಳಾಕತ್ತೇನಿ. ಇನ್ನ ಮ್ಯಾಲ ನೀ ನಮ್ಮ ಮನಿಗೆ ಬರಬ್ಯಾಡಪಾ.”

ದಾಂಡೇಲಿ ಬಸ್ಸು ಬಂತು. ಸೋಮಪ್ಪ ಹಿಂತಿರುಗಿ ನೋಡದೆ ಹತ್ತಿಹೋದರು.