ಬೀರಜ್ಜಿಯ ಬಾಗಿಲು

ಆ ರಾತ್ರಿ ಪ್ರದೀಪಣ್ಣ ಒಬ್ಬನೇ ನಡೆದು ಬರ್ತಾ ಇದ್ದ. ತಲೆ ಮೇಲೆ ಒಂದು ಬಾಗಿಲು ಇತ್ತು.

ಹೌದು, ಬಾಗಿಲೇ. ಹಲಸಿನ ಮರದ್ದು, ಕಬ್ಬಿಣದ ಚಿಲಕ ಸಮೇತ. ಅದರ ಕೆಳಗೆ ಟವೆಲ್ಲಿನ ಸಿಂಬೆ. ಮುಂದೆ ಬಾವಿ, ಬಾವಿ ದಾಟಿದರೆ ಗೋಳಿಮರ, ಅದನ್ನು ದಾಟಿದರೆ ಗದ್ದೆಯಂಚು, ಗದ್ದೆಯಂಚಿನ ಕೊನೆಗೆ ನಮ್ಮ ಕೇರಿ. ಚಂದ್ರ ಇರಲಿಲ್ಲ. ಬಾಳೆಗುಳಿ ಹೆದ್ದಾರಿ ಕಡೆಯಿಂದ ಕೇಳುವ ಲಾರಿಗಳ ಸದ್ದೂ ನಿಂತು ಹೋಗಿತ್ತು… ಬರೀ ಚಿಲಕ ಅಲುಗುವ ಸದ್ದು. ಕಿಣಿಕ್. ಕಿಣಿಕ್.

ಮೊದಲೇ ಹೇಳಿಬಿಡ್ತೇನೆ, ಇದರಲ್ಲಿ ನನ್ನ ಕೈ ಇಲ್ಲ. ನಮ್ಮ ಕೇರಿಯಲ್ಲಿ ಯಾರು ರಾತ್ರಿ ಹೆದರಿದರೂ ಬೆಳಿಗ್ಗೆ ಕೋಲು ಹಿಡಿದು ಬರುವುದು ನಮ್ಮ ಮನೆಗೇ. ಗೋಳಿಮರಕ್ಕೆ ಬಿಳಿ ಲುಂಗಿ ನೇತು ಹಾಕುವುದು, ಸೋರೆಬುರುಡೆಗೆ ಕಣ್ಣು ಕೊರೆದು ಒಳಗೆ ಟಾರ್ಚ್ ಇಡುವುದು… ಇಂಥದ್ದರಲ್ಲಿ ನನಗೆ ಸ್ವಲ್ಪ ಹೆಸರಿದೆ. ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಕೂತರೂ ಸಿಗದ ಹೆಸರು. ಆದರೆ ಆ ರಾತ್ರಿ ನಾನು ಮಾಜಾಳಿಯ ಒಂದು ಮದುವೆ ಮನೆಯಲ್ಲಿ ಪಾತ್ರೆ ತೊಳೀತಾ ಇದ್ದೆ. ಸಾಕ್ಷಿಗೆ ಆ ಮನೆಯವರನ್ನೇ ಕೇಳಿ. ಎಲ್ಲಾ ಪಾತ್ರೆಗಳನ್ನು ಅವರು ಮತ್ತೊಮ್ಮೆ ತೊಳೆಯಬೇಕಾಯ್ತು.

ಪ್ರದೀಪಣ್ಣ ನನ್ನ ದೊಡ್ಡಪ್ಪನ ಮಗ. ಸುಳ್ಳು ಹೇಳುವವನಲ್ಲ. ಅಷ್ಟು ಬುದ್ಧಿ ಅವನಿಗಿಲ್ಲ.

ಬಾಗಿಲಿನ ಸಂಗತಿ ಹೀಗೆ. ಹಿಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ನಮ್ಮ ಕೇರಿಯ ಮಣ್ಣಿನ ಗೋಡೆಗಳೆಲ್ಲ ಬೆಲ್ಲದ ಹಾಗೆ ಕರಗಿ ಹೋದವು. ಹೊಸ ಮನೆ ಕಟ್ಟಲು ಸರ್ಕಾರದಿಂದ ದುಡ್ಡು ಬಂತು. ಕೆಲಸ ಹಿಡಿದ ಕಂಟ್ರಾಕ್ಟರನ ಹೆಸರು ಹರಿಶ್ಚಂದ್ರ. ನಗಬೇಡಿ, ನಾನು ಇಟ್ಟ ಹೆಸರಲ್ಲ, ಅವನ ಅಪ್ಪ ಇಟ್ಟದ್ದು. ಈ ಹರಿಶ್ಚಂದ್ರ ಎಲ್ಲರ ಜಾಗದಲ್ಲೂ ಮುಂದಿನ ಗೋಡೆಯೊಂದನ್ನೇ ಎಬ್ಬಿಸಿದ. ಬಣ್ಣ ಹೊಡೆಸಿದ. ಪಕ್ಕದ ಗೋಡೆ ಇಲ್ಲ, ಹಂಚು ಇಲ್ಲ, ನೆಲ ಇಲ್ಲ. ಎದುರಿನಿಂದ ನೋಡಿದರೆ ಮನೆ. ಸುತ್ತು ಹಾಕಿ ಹಿಂದೆ ಹೋದರೆ ನಾಚಿಕೆ ಮುಳ್ಳಿನ ಪೊದೆ.

ಸರ್ಕಾರಿ ಆಫೀಸಿನ ಸಾಹೇಬ ಬಂದು, ಮನೆಯವರನ್ನು ಬಾಗಿಲ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಫೋಟೋ ಆದರೆ ಮುಂದಿನ ಕಂತು ಬಿಡುಗಡೆ. ಬಾಗಿಲಿಲ್ಲದ ಫೋಟೋ ನಡೆಯುವುದಿಲ್ಲ. ಅದಕ್ಕೆ ಹರಿಶ್ಚಂದ್ರ ಬಾಗಿಲು ಮಾಡಿಸಿದ. ಇಡೀ ಕೇರಿಗೆ ಒಂದು ಬಾಗಿಲು. ಇವತ್ತು ಒಬ್ಬರ ಗೋಡೆಗೆ ಸಿಕ್ಕಿಸು, ಫೋಟೋ ಆಯ್ತು, ಬಿಚ್ಚು. ನಾಳೆ ಇನ್ನೊಬ್ಬರ ಗೋಡೆಗೆ. ಕಂತು ಬಂದ ಹಾಗೆ ಅವನ ಕೈಗೆ. ನಿಜವಾದ ಬಾಗಿಲು, ನಿಜವಾದ ಮನೆ, ಎಲ್ಲಾ ಮುಂದಿನ ಕಂತಿಗೆ. ಸಾಹೇಬನಿಗೆ ಗೊತ್ತಿರಲಿಲ್ವಾ ಅಂತೀರಾ? ಒಂದು ಸಲ ಅವನೇ, ‘ಈ ಸಲ ಬಾಗಿಲಿಗೆ ಹಸಿರು ಹೊಡೆಸು ಮಾರಾಯ, ನೀಲಿ ಬಹಳ ಆಯ್ತು’ ಅಂದನಂತೆ.

ಬಾಗಿಲು ಹೊತ್ತು ತಿರುಗುವ ಕೆಲಸ ಪ್ರದೀಪಣ್ಣನದ್ದು. ಕೂಲಿಯ ಆಸೆಗಲ್ಲ. ಅವನ ಹೆಂಡತಿ ದೀಪಕ್ಕನಿಗೆ ದಿನ ತುಂಬ್ತಾ ಇತ್ತು. ತಾಡಪತ್ರಿ ಕಟ್ಟಿದ ಶೆಡ್ಡಿನಲ್ಲಿ ಅವಳು, ಅವನು, ಅವನ ತಾಯಿ ಗಂಗಿ ದೊಡ್ಡಮ್ಮ. ಗಾಳಿ ಬಂದರೆ ತಾಡಪತ್ರಿ ಪಟಪಟ ಹೊಡೆದುಕೊಂಡು ಮೂರೂ ಜನಕ್ಕೆ ನಿದ್ದೆ ಇಲ್ಲ. ಹರಿಶ್ಚಂದ್ರ ಹೇಳಿದ್ದ, ‘ನಿಂದು ಕೊನೇ ಫೋಟೋ. ಆಮೇಲೆ ಬಾಗಿಲು ನಿನ್ನ ಗೋಡೆಗೇ ಇರ್ಲಿ. ಮಳೆ ಹಿಡಿಯೂದ್ರೊಳಗೆ ಹಂಚು ಹೊದಿಸಿ ಕೊಡ್ತೆ.’

ಪ್ರದೀಪಣ್ಣ ನಂಬಿದ. ಹುಟ್ಟುವ ಮಗು ಒಣಗಿದ ಜಾಗದಲ್ಲಿ ಹುಟ್ಟಬೇಕು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಅವನಿಗಿಂತ ಮೊದಲು ಬೀರಜ್ಜಿಯ ಸರದಿ. ಬೀರಜ್ಜಿ ಒಂಟಿ ಮುದುಕಿ. ಕುತ್ತಿಗೆ ತುಂಬ ಮಣಿಸರ. ನಡೆದರೆ ಚರ್… ಚರ್… ಅಂತ ಸದ್ದು. ಅವಳ ಹಿತ್ತಲಿನ ಪೇರಲೆಹಣ್ಣು ಕದಿಯಲು ಆ ಸದ್ದು ಬಹಳ ಉಪಕಾರ ಮಾಡ್ತಿತ್ತು. ಅವಳ ಗೋಡೆ ಇರುವುದು ಬಾವಿಯ ಹತ್ತಿರ. ಬಾಗಿಲು ಸಿಕ್ಕಿಸಿದ್ದೇ ತಡ, ಅಜ್ಜಿ ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಮಾವಿನೆಲೆ ಕಟ್ಟಿ ಹೊಸಿಲಿಗೆ ಕಾಯಿ ಒಡೆದಳು. ಬೇರೆ ಯಾರೂ ಹಾಗೆ ಮಾಡಿರಲಿಲ್ಲ. ಫೋಟೋಕ್ಕೆ ತಂದ ಬಾಗಿಲು ಅಂತ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಪೂಜೆ ಆಯ್ತೆಂದರೆ ಮನೆ ಆದ ಹಾಗೆ. ಪೂಜೆ ಆದ ಬಾಗಿಲನ್ನು ಆಮೇಲೆ ಯಾರೂ ಕೀಳುವುದಿಲ್ಲ.

ಫೋಟೋ ಮುಗಿದ ಮೇಲೆ ಪ್ರದೀಪಣ್ಣ ಬಿಚ್ಚಲು ಹೋದರೆ ಅಜ್ಜಿ ಹೊಸಿಲ ಮೇಲೆ ಕೂತುಬಿಟ್ಟಳು.

‘ಏಳು ಅಜ್ಜಿ. ಫೋಟೋ ಆಯ್ತಲ್ಲ.’

‘ಪೂಜೆನೂ ಆಯ್ತಲ್ಲ ತಮಾ. ಇನ್ನು ಕೀಳೂಕಾಗ.’

‘ಹಿಂದೆ ಮನೆನೇ ಇಲ್ಲ, ನೋಡು.’

‘ಬಾಗಿಲು ಬಂತು. ಮನೆ ನಿಧಾನಕ್ಕೆ ಬತ್ತದೆ.’

ಅಂದಿನಿಂದ ಅವಳು ಅಲ್ಲಿಂದ ಏಳಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ. ಯಾರು ಕರೆದರೂ ಬರಲಿಲ್ಲ. ಗುಡುಗಿನ ಮಳೆ ಬಂತು. ಮೇಲೆ ಹಂಚಿಲ್ಲ, ನೆನೆದಳು. ಜ್ವರ ಬಂತು. ಒಂದು ಬೆಳಿಗ್ಗೆ ಗಂಗಿ ದೊಡ್ಡಮ್ಮ ಗಂಜಿ ತೆಗೆದುಕೊಂಡು ಹೋದರೆ… ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕಣ್ಣು ತೆರೆದೇ ಇತ್ತು. ಮೈ ತಣ್ಣಗೆ.

ಸುಟ್ಟ ಬೂದಿ ಆರುವ ಮೊದಲೇ ಹರಿಶ್ಚಂದ್ರ ಪ್ರದೀಪಣ್ಣನನ್ನು ಕರೆದ. ‘ಸತ್ತವಳಿಗೆ ಬಾಗಿಲು ಎಂತಕ್ಕೆ? ನಾಳೆ ಸಾಹೇಬ ಬತ್ತಾನೆ. ರಾತ್ರಿನೇ ಕಿತ್ತು ನಿನ್ನ ಗೋಡೆಗೆ ಹಾಕು. ಇಲ್ಲಾಂದ್ರೆ ಕಂತೂ ಇಲ್ಲ, ಹಂಚೂ ಇಲ್ಲ. ನಿನ್ನ ಹೆಂಡ್ತಿ ತಾಡಪತ್ರಿ ಅಡಿಗೇ ಹೆರ್ಲಿ.’

ಜೊತೆಗೆ ಹೋದವನು ನಮ್ಮ ಕೇರಿಯ ಮಾದ. ಬಾಗಿಲು ಬಿಚ್ಚಿ ಪ್ರದೀಪಣ್ಣನ ತಲೆಗೆ ಎತ್ತಿ ಕೊಟ್ಟ. ಕೈಗೆ ಹತ್ತಿದ ಅರಿಶಿನ ನೋಡಿಕೊಂಡ. ‘ನಂಗೆ ಹೊಟ್ಟೆ ನೋವು ಮಾರಾಯ’ ಅಂದವನೇ ಓಡಿದ.

ಈಗ ಬಾವಿಗೆ ಬನ್ನಿ.

ಆ ಬಾವಿಯ ರಾಟೆಗೆ ಹಗ್ಗ ಇಲ್ಲ. ನೆರೆ ನೀರು ತುಂಬಿದ ಮೇಲೆ ಯಾರೂ ಅಲ್ಲಿ ನೀರು ಸೇದುವುದಿಲ್ಲ. ಪ್ರದೀಪಣ್ಣ ದಾಟುವಾಗ ರಾಟೆ ತಿರುಗಿತು. ಕಿರ್ರ್… ನಿಂತಿತು. ಮತ್ತೆ… ಕಿರ್ರ್.

ಗಾಳಿ ಅಂದುಕೊಂಡ. ಗಾಳಿ ಇರಲಿಲ್ಲ.

ಗೋಳಿಮರದ ಕೆಳಗೆ ಬಂದಾಗ ಹಿಂದೆ ಸದ್ದು. ಚರ್… ಚರ್… ಚರ್. ಅವನು ನಿಂತರೆ ಅದೂ ನಿಲ್ಲುತ್ತದೆ. ಬಾಗಿಲು ಹೊತ್ತವನು ತಿರುಗಿ ನೋಡುವುದು ಹೇಗೆ? ಕುತ್ತಿಗೆ ಮುಂದಕ್ಕೇ ಇರಬೇಕು. ಬೆವರು ಕಣ್ಣಿಗೆ ಇಳಿಯಿತು. ಅಷ್ಟರಲ್ಲಿ ಹನಿ ಬಿತ್ತು. ಬಾಗಿಲ ಮೇಲೆ ಟಪ್. ಟಪ್ ಟಪ್. ಆಮೇಲೆ ಜೋರು ಮಳೆ.

ಆಮೇಲೆ… ಟಕ್. ಟಕ್. ಟಕ್.

ಮಳೆಯಲ್ಲ. ಬೆರಳ ಗೆಣ್ಣು. ಅವನ ತಲೆಯ ಮೇಲೆ, ಬಾಗಿಲ ಆಚೆ.

‘ಬಾಗಿಲು ತೆಗೀ ತಮಾ.’

ಪಿಸುಮಾತು. ಪ್ರದೀಪಣ್ಣ ನಿಂತುಬಿಟ್ಟ.

‘ಅಜ್ಜಿ… ಇದು ಬರೀ ಬಾಗಿಲು. ಒಳಗೆ ಮನೆ ಇಲ್ಲ.’

‘ಒಳಗೆ ನೀನಿದ್ದೆಯಲ್ಲ.’

ಅವನು ಬಾಗಿಲ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದ, ಮೇಲಿನಿಂದ ಮತ್ತೆ ದನಿ ಬಂತು.

‘ನಿಂಗೆ ಮಳೆ ತಾಗ್ತದ್ಯಾ?’

‘ಇಲ್ಲ ಅಜ್ಜಿ.’

‘ನಂಗೆ ತಾಗ್ತದೆ.’

ಬಾಗಿಲು ಭಾರ ಆಯ್ತು. ಮೇಲೆ ಯಾರೋ ಕೂತ ಹಾಗೆ. ಸಿಂಬೆ ತಲೆಗೆ ಒತ್ತಿತು, ಕುತ್ತಿಗೆ ಬಾಗಿತು, ಮೊಣಕಾಲು ಕೆಸರು ಮುಟ್ಟಿತು. ಅಷ್ಟರಲ್ಲೂ ಅವನು ಚೌಕಾಸಿಗೆ ನಿಂತ. ನಮ್ಮ ಮನೆತನವೇ ಹಾಗೆ, ದೆವ್ವವನ್ನೂ ಬಿಡುವುದಿಲ್ಲ.

‘ದೀಪಾಗೆ ದಿನ ತುಂಬ್ಯದೆ ಅಜ್ಜಿ. ಒಂದ್ ಫೋಟೋ ಆಗೂವರೆಗೆ ಕೊಡು. ಕಾಲಿಗೆ ಬೀಳ್ತೆ.’

ಈ ಸಲ ದನಿ ಕಿವಿಯ ಹತ್ತಿರವೇ…

‘ಫೋಟೋ ಆದಮೇಲೆ?’

‘ಹರಿಶ್ಚಂದ್ರ ಹಂಚು ಹಾಕ್ಸಿ ಕೊಡ್ತೆ ಅಂದಾನೆ.’

‘ನಂಗೂ ಹಾಂಗೇ ಅಂದಿದ್ದ.’

ಪ್ರದೀಪಣ್ಣ ಕೆಸರಿನಲ್ಲೇ ಕೂತು ಅತ್ತನಂತೆ. ಅಳುವುದನ್ನು ಯಾರೂ ನೋಡಲಿಲ್ಲ, ತಲೆ ಮೇಲೆ ಬಾಗಿಲಿತ್ತಲ್ಲ. ಆಮೇಲೆ ಎದ್ದು ಹಿಂದಕ್ಕೆ ತಿರುಗಿದ. ತಿರುಗಿದ ಕೂಡಲೇ ಬಾಗಿಲು ಹಗುರ. ಖಾಲಿ ಬುಟ್ಟಿಯಷ್ಟು.

ಅಜ್ಜಿಯ ಗೋಡೆಗೆ ಬಾಗಿಲು ವಾಪಸು ಸಿಕ್ಕಿಸಿದ. ಕತ್ತಲಲ್ಲಿ ತಡಕಾಡಿ ಕೀಲು ಕೂರಿಸಿ ಕಲ್ಲಿನಿಂದ ಬಡಿದ. ಬಾಗಿಲು ಮುಚ್ಚಿ ಅದರ ಮುಂದೆ ನಿಂತಿದ್ದಾನೆ… ಆಚೆ ಬದಿಯಿಂದ ಚಿಲಕ ಬಿತ್ತು. ಖಟಕ್.

ಅಲ್ಲಿಂದ ಅವನು ಓಡಿ ಬಂದದ್ದು ಹೇಗೆ ಅಂತ ಅವನಿಗೂ ಗೊತ್ತಿಲ್ಲ.

ಮಾರನೇ ದಿನ ಸಾಹೇಬ ಬಂದ. ಪ್ರದೀಪಣ್ಣನ ಗೋಡೆಗೆ ಬಾಗಿಲಿಲ್ಲ, ಫೋಟೋ ಇಲ್ಲ. ಹರಿಶ್ಚಂದ್ರ ಕಾರವಾರದವರೆಗೂ ಕೇಳುವ ಹಾಗೆ ಬೈದ. ತಾನೇ ಹೋಗಿ ಕೀಳ್ತೇನೆ ಅಂತ ಅಜ್ಜಿಯ ಗೋಡೆ ಹತ್ತಿರ ಹೋದ. ಬಾಗಿಲು ಅಲುಗಲಿಲ್ಲ. ಚಿಲಕ ತೆಗೆಯಲು ಸುತ್ತು ಹಾಕಿ ಹಿಂದೆ ಹೋದ. ಹೋದಷ್ಟೇ ಬೇಗ ವಾಪಸು ಬಂದ. ‘ತುಕ್ಕು ಹಿಡಿದದೆ’ ಅಂದ. ಹೊಸ ಚಿಲಕಕ್ಕೆ ಒಂದೇ ರಾತ್ರಿಯಲ್ಲಿ ಎಂಥಾ ತುಕ್ಕೋ. ಚಪ್ಪಲಿ ಒಂದು ಅಲ್ಲೇ ಬಿಟ್ಟು ಬಂದಿದ್ದ, ಅದನ್ನು ತರಲು ಮತ್ತೆ ಹೋಗಲಿಲ್ಲ.

ಹಂಚು ಬರಲಿಲ್ಲ. ಮಳೆ ಬಂತು.

ಎಂಥ ಮಳೆ ಅಂತೀರಿ. ಸಂಜೆಗೆ ಶುರುವಾದದ್ದು, ರಾತ್ರಿಗೆ ತಾಡಪತ್ರಿ ಸೀಳಿ ಹೊಳೆ ಕಡೆ ಹಾರಿಸಿಕೊಂಡು ಹೋಯ್ತು. ಅದೇ ಹೊತ್ತಿಗೆ ದೀಪಕ್ಕನಿಗೆ ನೋವು. ಪ್ರದೀಪಣ್ಣ ಆಂಬುಲೆನ್ಸಿಗೆ ಫೋನ್ ಮಾಡಿದ. ಕೇರಿಯವರೆಗೆ ಬರುವುದಿಲ್ಲ, ರಸ್ತೆಗೆ ಬನ್ನಿ ಅಂದರು. ಅವನು ಹೆಂಡತಿಯನ್ನು ಎತ್ತಿಕೊಂಡ, ಗಂಗಿ ದೊಡ್ಡಮ್ಮ ಟಾರ್ಚ್ ಹಿಡಿದಳು. ಗದ್ದೆಯಂಚು, ಗೋಳಿಮರ, ಬಾವಿ… ಬಾವಿಯ ಆಚೆ ರಸ್ತೆಗೆ ದಾಟುವ ಮೋರಿ ಮುಳುಗಿ ಹೋಗಿತ್ತು. ನೀರಿನ ಆಚೆ ಆಂಬುಲೆನ್ಸಿನ ನೀಲಿ ದೀಪ ಸುಮ್ಮನೆ ತಿರುಗ್ತಾ ಇತ್ತು. ಅವರು ಬರುವ ಹಾಗಿಲ್ಲ, ಇವರು ಹೋಗುವ ಹಾಗಿಲ್ಲ.

‘ಇಳಿಸು, ಆಗೂದಿಲ್ಲ’ ಅಂದಳು ದೀಪಕ್ಕ.

ಇಳಿಸಲು ಅಲ್ಲಿ ಇದ್ದದ್ದು ಒಂದೇ ಜಾಗ. ಬೀರಜ್ಜಿಯ ಹೊಸಿಲು. ದೀಪಕ್ಕ ಬಾಗಿಲಿಗೆ ಒರಗಿದಳು. ಒರಗಿದ್ದೇ… ಖಟಕ್. ಬಾಗಿಲು ಒಳಕ್ಕೆ ತೆರೆಯಿತು. ಅವಳು ಒಳಗೆ ಬಿದ್ದಳು. ಬಾಗಿಲು ಮುಚ್ಚಿತು. ಖಟಕ್.

ಪ್ರದೀಪಣ್ಣ ತಾಯಿಯ ಕೈಯಿಂದ ಟಾರ್ಚ್ ಕಸಿದು ಗೋಡೆ ಸುತ್ತಿ ಹಿಂದೆ ಓಡಿದ. ಅಲ್ಲಿ ಯಾರೂ ಇಲ್ಲ. ಟಾರ್ಚ್ ಹಾಕಿ ನೋಡಿದ. ನಾಚಿಕೆ ಮುಳ್ಳು, ಕೆಸರು, ಮಳೆ. ದೀಪಾ ಅಂತ ಕೂಗಿದ. ಮತ್ತೆ ಮುಂದೆ ಓಡಿ ಬಂದು ಬಾಗಿಲು ಬಡಿದ. ಮುಂದಿನಿಂದ ಕಿವಿ ಇಟ್ಟರೆ ಒಳಗೆ ಸದ್ದು ಕೇಳ್ತದೆ… ಕೊಡದಿಂದ ನೀರು ಬಗ್ಗಿಸಿದ್ದು, ಒಲೆಗೆ ಊದಿದ್ದು, ಚರ್ ಚರ್ ಅಂತ ಯಾರೋ ಓಡಾಡಿದ್ದು, ದೀಪಕ್ಕ ನರಳಿದ್ದು. ಹಿಂದೆ ಹೋದರೆ ಬರೀ ಮಳೆ. ಹೀಗೆ ಹಿಂದೆ ಮುಂದೆ ಓಡಿ ಓಡಿ ಅವನ ಪಾದ ಹರಿದು ರಕ್ತ. ಕೊನೆಗೆ ಹೊಸಿಲಿಗೆ ಹಣೆ ಇಟ್ಟು, ‘ತೆಗೀ ಅಜ್ಜಿ, ನಾನು ನೆನೀತಾ ಇದ್ದೆ’ ಅಂದ.

ಒಳಗಿನಿಂದ ಮಗು ಅತ್ತ ಸದ್ದು ಬಂತು.

ಬೆಳಕು ಹರಿದು ನೀರು ಇಳಿಯುವ ಹೊತ್ತಿಗೆ ಚಿಲಕ ಸರಿಯಿತು. ದೀಪಕ್ಕ ಹೊಸಿಲ ಒಳಗೆ ಕೂತಿದ್ದಳು, ಮಡಿಲಲ್ಲಿ ಹೆಣ್ಣು ಮಗು. ಗಂಡನನ್ನು ನೋಡಿ ಸಿಟ್ಟು ಮಾಡಿದಳು.

‘ನೀನ್ ಯಾಕೆ ಒಳಗೆ ಬರ್ಲಿಲ್ಲ? ಅಜ್ಜಿ ಎಷ್ಟು ಸಲ ಕರೀತು.’

ಅಷ್ಟೇ ನಡೆದದ್ದು. ಅವರಿಗೆ ಮನೆ ಇನ್ನೂ ಇಲ್ಲ. ಶಾಲೆಯ ಜಗಲಿಯಲ್ಲಿ ಇದ್ದಾರೆ, ಮಗುವಿನ ಬಟ್ಟೆ ಧ್ವಜದ ಕಂಬಕ್ಕೆ ಒಣಗ್ತದೆ. ಹರಿಶ್ಚಂದ್ರ ಈಗ ಬೇರೆ ಊರಿನಲ್ಲಿ ಸೇತುವೆ ಕೆಲಸ ಹಿಡಿದಿದ್ದಾನಂತೆ. ಆ ಊರಿನವರು ಈಜು ಕಲಿತರೆ ಒಳ್ಳೇದು. ಬೀರಜ್ಜಿಯ ಗೋಡೆ ಹಾಗೇ ನಿಂತಿದೆ. ಬಾಗಿಲು ಮತ್ತೆ ಒಳಗಿನಿಂದ ಹಾಕಿದೆ. ನಾನು ಕೂಡ ಹಿಂದೆ ಹೋಗಿ ತೆಗೆಯಲು ನೋಡಿಲ್ಲ. ಮತ್ತೆ ಯಾಕೆ ಅಂತ ಕೇಳಬೇಡಿ.

ದೀಪಕ್ಕ ನೋವಿನಲ್ಲಿ ಕನಸು ಕಂಡಳು ಅಂತ ಪೇಟೆಯವರು ಹೇಳ್ತಾರೆ. ಹೇಳಲಿ. ನಾನು ಕಟ್ಟಿದ ಕತೆ ಅಂತಲೂ ಹೇಳ್ತಾರೆ. ನಾನು ಕಟ್ಟುವುದಾದರೆ ಹರಿಶ್ಚಂದ್ರನನ್ನು ಬಾವಿಗೆ ಬೀಳಿಸದೆ ಬಿಡ್ತಿದ್ನಾ?

ಗಂಗಿ ದೊಡ್ಡಮ್ಮನನ್ನು ಕೇಳಿ. ಬೆಳಿಗ್ಗೆ ಸೊಸೆಯ ಸೀರೆ ಬಿಚ್ಚಿ ಹಳ್ಳದಲ್ಲಿ ತೊಳೆದವಳು ಅವಳೇ. ಇಡೀ ರಾತ್ರಿ ಮಳೆ ಸುರಿದಿದ್ದರೂ ಸೀರೆಯ ಬೆನ್ನಿನ ಬದಿ ಒಣಗಿತ್ತು. ಅಲ್ಲಿ ಹತ್ತಿದ್ದು ಸೆಗಣಿ… ಆಗಷ್ಟೇ ಸಾರಿಸಿದ ನೆಲದ್ದು.